ದೀಕ್ಷೆಯ ದಿನ ಗೊತ್ತುಮಾಡುವ ಮುನ್ನ

ಮಾನ್ಯ ಸಂಪಾದಕರೇ,

ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ ಭಾಗದಲ್ಲಿ ಮಗಳೊಬ್ಬಳು ಆರ್ಯಿಕಾ ದೀಕ್ಷೆಯ, ಅಂದರೆ ದಿಗಂಬರ ಜೈನ ಸನ್ಯಾಸಿನಿಯಾಗುವ ಮಾತೆತ್ತಿದರೆ ಮನೆಯವರು ಅಳುತ್ತ ಕೂರುತ್ತಾರೆ, ಸಮಾಜದ ಹಿರಿಯರು ಮೆರವಣಿಗೆಯ ದಿನ ನೋಡಲು ಹೊರಡುತ್ತಾರೆ. ಆಕೆಯ ಮನಸ್ಸಿನ ತಳಮಳ ಕೇಳುವವರು ಮಾತ್ರ ಕಡಿಮೆ.

ಹೊರಗಿನವರಿಗೆ ಕೇಶಲೋಚವೇ ದೊಡ್ಡ ಕಷ್ಟವಾಗಿ ಕಾಣುತ್ತದೆ. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಬೂದಿ ಹಚ್ಚಿಕೊಂಡು ಕೈಯಿಂದಲೇ ಕೂದಲು ಕೀಳಬೇಕು, ಅಂದು ಉಪವಾಸ. ನೋವಿದೆ, ಆದರೆ ಅದು ಅಂದಿಗೇ ಮುಗಿಯುತ್ತದೆ. ದಿನನಿತ್ಯದ ಪರೀಕ್ಷೆ ಆಹಾರದ್ದು. ದಿನಕ್ಕೆ ಒಂದೇ ಸಲ ಊಟ, ನೀರೂ ಆಗಲೇ. ಮಾತಾಜಿ, ಅಂದರೆ ದೀಕ್ಷೆ ಪಡೆದ ಆರ್ಯಿಕೆ, ಕುಳಿತು ಅಂಗೈ ಜೋಡಿಸುತ್ತಾರೆ, ಶ್ರಾವಿಕೆಯರು, ಅಂದರೆ ಗೃಹಸ್ಥ ಜೈನ ಹೆಂಗಸರು, ತುತ್ತು ತುತ್ತಾಗಿ ಇಡುತ್ತಾರೆ. ಎರಡನೇ ತುತ್ತಿನಲ್ಲೇ ಒಂದು ಕೂದಲೆಳೆ ಕಂಡಿತೋ, ಅಂತರಾಯ. ಅಂಜಲಿ ಬಿಟ್ಟು ಏಳಬೇಕು. ಮರುದಿನದವರೆಗೆ ಗುಟುಕು ನೀರೂ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲಲ್ಲಿ ಊರಿಂದೂರಿಗೆ ವಿಹಾರ ಮಾಡಿ ಬಂದ ದಿನ ಹೀಗಾದರೆ ಹಸಿವಿಗಿಂತ ಮೊದಲು ಸಿಟ್ಟು ಏಳಬಹುದು, ಅದೂ ಅಡುಗೆ ಮಾಡಿದವಳ ಮೇಲೆ. ಗೆಲ್ಲಬೇಕಾದದ್ದು ಆ ಸಿಟ್ಟನ್ನು. ಮಾತಾಜಿಯರ ಸಂಘದ ಜೊತೆಗಿರುವ ಬ್ರಹ್ಮಚಾರಿಣಿ, ಅಂದರೆ ಬ್ರಹ್ಮಚರ್ಯ ವ್ರತ ಪಡೆದು ಇನ್ನೂ ದೀಕ್ಷೆಯಾಗದವಳು, ಇದನ್ನೆಲ್ಲ ಕಣ್ಣಾರೆ ಕಾಣುತ್ತಾಳೆ. ‘ನನ್ನ ಕೈಲಾದೀತೇ? ನನ್ನದು ವೈರಾಗ್ಯವೋ, ಮನೆಯವರ ಮೇಲಿನ ಮುನಿಸೋ?’ ಎಂಬ ಪ್ರಶ್ನೆ ಸಾಮಾಯಿಕಕ್ಕೆ, ಅಂದರೆ ಧ್ಯಾನಕ್ಕೆ, ಕೂತಾಗಲೂ ಕಾಡುತ್ತದೆ. ಕಾಡಲೇಬೇಕು.

ಅದಕ್ಕೆಂದೇ ಪರಂಪರೆಯಲ್ಲಿ ಮೆಟ್ಟಿಲುಗಳಿವೆ. ಬ್ರಹ್ಮಚರ್ಯ ವ್ರತವನ್ನು ಮೊದಲು ಒಂದೆರಡು ವರ್ಷಕ್ಕಷ್ಟೇ ಪಡೆಯಬಹುದು, ಆಜೀವ ವ್ರತ ಆಮೇಲೆ. ಶ್ರಾವಕರ, ಅಂದರೆ ಜೈನ ಗೃಹಸ್ಥರ, 11 ಪ್ರತಿಮೆಗಳೆಂಬ ವ್ರತದ ಹಂತಗಳಲ್ಲಿ ಏಳನೆಯದು ಬ್ರಹ್ಮಚರ್ಯ, ಎಂಟನೆಯದರಲ್ಲಿ ಅಡುಗೆ, ವ್ಯಾಪಾರದಂಥ ಆರಂಭಗಳ ತ್ಯಾಗ, ಒಂಬತ್ತನೆಯದರಲ್ಲಿ ಪರಿಗ್ರಹದ, ಅಂದರೆ ಆಸ್ತಿಪಾಸ್ತಿಯ, ತ್ಯಾಗ. ಹತ್ತನೆಯದು ಅನುಮತಿ ತ್ಯಾಗ: ತಂಗಿಯ ಮದುವೆಯಿರಲಿ, ಅಣ್ಣನ ಸಾಲವಿರಲಿ, ಹೂಂ ಎನ್ನುವಂತಿಲ್ಲ, ಊಹೂಂ ಎನ್ನುವಂತಿಲ್ಲ. ಬಂಗಾರ ಬಿಟ್ಟವಳಿಗೂ ತವರಿನ ಚಿಂತೆ ಬಿಡುವುದು ಕಷ್ಟ. ಹನ್ನೊಂದಕ್ಕೆ ಕ್ಷುಲ್ಲಿಕೆ, ಅಂದರೆ ಸೀರೆಯ ಮೇಲೊಂದು ವಸ್ತ್ರ, ಪಾತ್ರೆಯಲ್ಲಿ ಊಟ. ಆರ್ಯಿಕೆಯಾದ ಮೇಲೆ ಒಂದೇ ಬಿಳಿ ಸೀರೆ, ನವಿಲುಗರಿಯ ಪಿಂಛಿ, ಕಮಂಡಲು.

ಎಡವಟ್ಟಾಗುವುದು ಈ ಮೆಟ್ಟಿಲುಗಳನ್ನು ಹಾರಿದಾಗ. ಚಾತುರ್ಮಾಸದ ಪ್ರವಚನಗಳ ಹುರುಪಿನಲ್ಲಿ ಹುಡುಗಿ ಒಂದು ಮಾತು ಆಡುತ್ತಾಳೆ, ಅದನ್ನೇ ನಿಶ್ಚಯವೆಂದು ಹಿಡಿಯುತ್ತಾರೆ. ಉಡಿ ತುಂಬಿ, ಮೆಹಂದಿ ಹಚ್ಚಿ, ಸಾರೋಟಿನಲ್ಲಿ ಕೂರಿಸಿ, ಓಣಿಗೊಂದು ಫ್ಲೆಕ್ಸ್ ಕಟ್ಟಿದ ಮೇಲೆ ‘ಇನ್ನೊಂದು ವರ್ಷ ತಡೀರಿ’ ಎನ್ನಲು ಆಕೆಗೆ ಬಾಯಾದರೂ ಹೇಗೆ ಬಂದೀತು?

ಆದ್ದರಿಂದ ಸಂಘ ಊರು ಬಿಟ್ಟು ಹೋದ ಮೇಲೂ ಮನಸ್ಸು ಅಲ್ಲೇ ನಿಂತಿದೆಯೇ ನೋಡಿ. ನಿಂತಿದ್ದರೆ ಒಂದು ಬೇಸಿಗೆ, ಒಂದು ಮಳೆಗಾಲ ಆಕೆ ಸಂಘದ ಜೊತೆಗಿದ್ದು ಬರಲಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವೆಯೇ ಎಂದು ಮೊದಲೇ ವೈದ್ಯರಿಗೆ ತೋರಿಸಿ. ದೀಕ್ಷೆಯಾದ ಮೇಲೆ ಔಷಧವೂ ಆಹಾರದ ಆ ಒಂದೇ ಹೊತ್ತಿಗೆ ಸಲ್ಲಬೇಕು, ಮೂರು ಹೊತ್ತಿನ ಮಾತ್ರೆ ನಡೆಯದು. ಕೊನೆಗೆ ಹಿರಿಯ ಮಾತಾಜಿಯೊಬ್ಬರು, ಅಪ್ಪ ಅವ್ವ ಎದುರಿಗಿಲ್ಲದಾಗ, ಆಕೆಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಲಿ: ಮುರಿದ ಸಂಬಂಧದ ನೋವು ಇದರ ಹಿಂದೆ ಇದೆಯೇ? ಮದುವೆಯ ಖರ್ಚಿನ ಭಯ ಇದೆಯೇ?

ಬೇಡವೆಂದು ಹಿಂದೆ ಸರಿದವಳನ್ನು ಯಾರೂ ಹಂಗಿಸಬಾರದು. ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಗಂಡ ತೀರಿದ ಮೇಲೂ ಮಗನನ್ನು ಸಾಕುತ್ತ, ಶ್ರಾವಿಕೆಯಾಗಿಯೇ ಕಠಿಣ ವ್ರತ ನಡೆಸಿದಾಕೆ. 1007ರ ಶಾಸನ ಆಕೆಯನ್ನು ಹೊಗಳುತ್ತದೆ.

ದೀಕ್ಷಾ ಸಮಿತಿಯವರಲ್ಲಿ ನಮ್ಮ ಬೇಡಿಕೆ ಇಷ್ಟೇ: ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದರ ಕರಡನ್ನು ಆಕೆಯ ಕೈಗೇ ಕೊಡಿ, ದಿನಾಂಕವನ್ನು ಆಕೆಯೇ ತುಂಬಲಿ.

– ಆಹಾರ ಸೇವೆಯ ಶ್ರಾವಿಕೆಯರು, ಹುಬ್ಬಳ್ಳಿ