ತಲೆಸುತ್ತಿನ ರೋಗಿಯನ್ನು ತಿಂಗಳುಗಟ್ಟಲೆ ಮಲಗಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದ ನನಗೆ ಇಡೀ ಕೋಣೆಯೇ ಬುಗುರಿಯಂತೆ ಸುತ್ತತೊಡಗಿತು. ವಾಂತಿ ನಿಲ್ಲಲಿಲ್ಲ, ಬಚ್ಚಲಿಗೂ ಗೋಡೆ ಹಿಡಿದೇ ಹೋಗಬೇಕಾಯಿತು. ನಮ್ಮ ಕಡೆ ತಲೆಸುತ್ತಿಗೆ ಮೂರೇ ಕಾರಣ: ಪಿತ್ತ, ಬಿಪಿ, ಇಲ್ಲವೇ ಕುತ್ತಿಗೆ ಮೂಳೆಯ ಸವೆತ. ಪೇಟೆಯ ಒಂದು ಆಸ್ಪತ್ರೆಯಲ್ಲಿ ಮೂರನೆಯದನ್ನೇ ಹಿಡಿದು, ಕುತ್ತಿಗೆಗೆ ಪಟ್ಟಿ ಹಾಕಿ, ಮಾತ್ರೆ ಬರೆದುಕೊಟ್ಟು, ತಲೆ ಅಲ್ಲಾಡಿಸದೆ ಮಲಗಿರಬೇಕೆಂದು ಹೇಳಿ ಕಳುಹಿಸಿದರು. ಮೂವತ್ತು ವರ್ಷ ಮಕ್ಕಳಿಗೆ ವಿಧೇಯತೆ ಕಲಿಸಿದ ಮೇಷ್ಟರಾದ ನಾನು ನಾಲ್ಕು ತಿಂಗಳು ಹಾಗೆಯೇ ಇದ್ದೆ. ಕೋಣೆ ಸುತ್ತುವುದು ಮೊದಲ ವಾರದಲ್ಲೇ ನಿಂತಿತ್ತು. ಆದರೆ ತಲೆ ತಿರುಗಿಸಿದರೆ ಕಣ್ಣ ಮುಂದಿನದೆಲ್ಲ ಜಾರಿದಂತಾಗುವುದು, ಕತ್ತಲಲ್ಲಿ ಅಂಗಳಕ್ಕಿಳಿದರೆ ಹೆಜ್ಜೆ ಒಂದೇ ಕಡೆಗೆ ಎಳೆಯುವುದು ಬಿಡಲಿಲ್ಲ. ತೋಟಕ್ಕೆ ಹೋಗುವ ಸಂಕವನ್ನು ದಾಟುವ ಧೈರ್ಯವಂತೂ ಪೂರ್ತಿ ಹೋಗಿತ್ತು.

ಕೊನೆಗೆ ಬೇರೊಂದು ಊರಿನ ಕಿವಿ-ಮೂಗು-ಗಂಟಲು ವೈದ್ಯರು ಪರೀಕ್ಷಿಸಿ ಹೇಳಿದ ಮಾತು ನನ್ನನ್ನು ದಂಗುಬಡಿಸಿತು: "ನಿಮ್ಮ ಕಾಯಿಲೆ ಎಂದೋ ಮುಗಿದಿದೆ ಮೇಷ್ಟ್ರೇ, ಈಗ ಅನುಭವಿಸುತ್ತಿರುವುದು ಮಲಗಿದ್ದರ ಫಲ."

ಅವರು ವಿವರಿಸಿದ್ದನ್ನು ಓದುಗರಿಗಾಗಿ ಬರೆಯುತ್ತಿದ್ದೇನೆ. ಎರಡೂ ಒಳಕಿವಿಗಳು ತಲೆಯ ಚಲನೆಯ ಸುದ್ದಿಯನ್ನು ಬಿಡುವಿಲ್ಲದೆ ಮಿದುಳಿಗೆ ಕಳುಹಿಸುತ್ತಿರುತ್ತವೆ. ಸುಮ್ಮನೆ ಕುಳಿತಾಗ ಎರಡೂ ಕಡೆಯ ಸುದ್ದಿ ಸಮನಾಗಿರುತ್ತದೆ. ನನಗಾದಂತೆ ಒಂದು ಕಿವಿಯ ಸಮತೋಲನದ ನರಕ್ಕೆ ಉರಿಯೂತ ಬಂದು ಅದು ಮೌನವಾದರೆ, ಈ ವ್ಯತ್ಯಾಸವನ್ನು ಮಿದುಳು ತಲೆಯೇ ತಿರುಗುತ್ತಿದೆ ಎಂದು ಓದಿಕೊಳ್ಳುತ್ತದೆ. ನರ ಪೂರ್ತಿ ಗುಣವಾಗದಿದ್ದರೂ ಕಣ್ಣು, ಪಾದ ಮತ್ತು ಕೀಲುಗಳಿಂದ ಬರುವ ಸೂಚನೆಗಳನ್ನು ಜೋಡಿಸಿಕೊಂಡು ಮಿದುಳು ಹೊಸ ಲೆಕ್ಕ ಹಾಕಿಕೊಳ್ಳಬಲ್ಲದು, ಆದರೆ ತಲೆ ಆಡಿದಾಗ ಆಗುವ ತಪ್ಪು ಅದರ ಅರಿವಿಗೆ ಬಂದರೆ ಮಾತ್ರ. ವಾಂತಿ ಮತ್ತು ಸುತ್ತನ್ನು ಅಡಗಿಸುವ ಮಾತ್ರೆ ಮೊದಲ ಎರಡು ಮೂರು ದಿನ ಬೇಕೇ ಬೇಕು. ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಈ ಕಲಿಕೆಯೇ ಮಂಕಾಗುತ್ತದೆ.

ಆಮೇಲಿನ ಚಿಕಿತ್ಸೆಗೆ ಖರ್ಚೇ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಯ ಮೇಲೆ ದೃಷ್ಟಿ ನೆಟ್ಟು ತಲೆಯನ್ನು ಎಡಬಲಕ್ಕೆ, ಮೇಲೆ ಕೆಳಗೆ ಆಡಿಸುವುದು. ಒಂದು ಪಾದದ ಹಿಂದೆ ಇನ್ನೊಂದಿಟ್ಟು ನಿಲ್ಲುವುದು. ಪಡಸಾಲೆಯಲ್ಲಿ ಅತ್ತಿತ್ತ ನೋಡುತ್ತಾ ನಡೆಯುವುದು. ಪಕ್ಕದಲ್ಲಿ ಹೆಂಡತಿ ಕಾವಲಿರುತ್ತಿದ್ದಳು. ಮೊದಲ ವಾರ ತಲೆಸುತ್ತು ಹೆಚ್ಚೇ ಆಯಿತು, ಅಷ್ಟಿಷ್ಟು ಸುತ್ತು ಬರುವುದೇ ಮದ್ದು ಎಂದು ವೈದ್ಯರು ಮೊದಲೇ ಎಚ್ಚರಿಸಿರದಿದ್ದರೆ ಬಿಟ್ಟುಬಿಡುತ್ತಿದ್ದೆ. ಎರಡು ತಿಂಗಳಿಗೆ ಸಂಕ ದಾಟಿದೆ. ಇದೇನೂ ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ಕಾಥಾರ್ನ್ ಮತ್ತು ಕುಕ್ಸಿ ಎಂಬ ವೈದ್ಯರು 1940ರ ದಶಕದಲ್ಲೇ ಇಂಥ ವ್ಯಾಯಾಮಗಳನ್ನು ರೂಪಿಸಿದ್ದರು.

ಇದಕ್ಕಿಂತ ಸಾಮಾನ್ಯವಾದ ಇನ್ನೊಂದು ತಲೆಸುತ್ತಿನ ಕಥೆ ಮತ್ತೂ ಬೇಸರದ್ದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆ ಕತ್ತೆತ್ತಿದಾಗ ಒಂದು ನಿಮಿಷದೊಳಗೆ ಬಂದುಹೋಗುವ ಸುತ್ತು ಅದು. ಒಳಕಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ಜಾಗ ತಪ್ಪಿ ಅರ್ಧವೃತ್ತಾಕಾರದ ನಾಳಕ್ಕೆ ಸೇರುವುದರಿಂದ ಹೀಗಾಗುತ್ತದೆ. ರೋಗಿಯನ್ನು ಮಂಚದ ಮೇಲೆ ಒರಗಿಸಿ, ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಹಿಂದಕ್ಕೆ ಉರುಳಿಸುವ ವಿಧಾನವನ್ನು ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದರು. ಅದಕ್ಕೆ ಹತ್ತು ನಿಮಿಷವೂ ಬೇಡ. ಹಲವರಿಗೆ ಒಂದೆರಡು ಸಲದಲ್ಲೇ ಗುಣವಾಗುತ್ತದೆ. ಯಾವ ಮಾತ್ರೆಯೂ ಆ ಹರಳನ್ನು ಜಾಗಕ್ಕೆ ಮರಳಿಸಲಾರದು. ಆದರೂ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ಹಿರಿಯರು ನಮ್ಮ ಬೀದಿಯೊಂದರಲ್ಲೇ ಮೂವರಿದ್ದಾರೆ. ತಪ್ಪು ವೈದ್ಯರದಷ್ಟೇ ಅಲ್ಲ. ಔಷಧಿ ಚೀಟಿಯಿಲ್ಲದೆ ಹೊರಬಂದರೆ ಕೊಟ್ಟ ದುಡ್ಡು ದಂಡವಾಯಿತೆಂದು ನಮಗೂ ಅನಿಸುತ್ತದೆ.

ಎಲ್ಲ ತಲೆಸುತ್ತೂ ಕಿವಿಯದೇ ಎಂದು ಯಾರೂ ಭಾವಿಸಬಾರದು. ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನ ಬಲ ಕುಂದುವುದು, ಹಿಂದೆಂದೂ ಇಲ್ಲದಂಥ ತಲೆನೋವು, ಆಸರೆಯಿದ್ದರೂ ನಿಲ್ಲಲಾಗದಿರುವುದು ಜೊತೆಗಿದ್ದರೆ ಅದು ಪಾರ್ಶ್ವವಾಯುವೂ ಆಗಿರಬಹುದು. ಆಗ ತಡಮಾಡದೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಒಳಕಿವಿಯ ಸಮತೋಲನವನ್ನು ಪರೀಕ್ಷಿಸುವ ಪರಿಣತರಿದ್ದಾರೆ. ಆದರೆ ನಡೆಯುವಾಗ ತೂರಾಡುವ ಎಪ್ಪತ್ತರ ಮುದುಕಿ ಮಲೆನಾಡಿನ ತಿರುವುಗಳಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗುವುದಾದರೂ ಹೇಗೆ? ಆರೋಗ್ಯ ಇಲಾಖೆಯು ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ಈ ಎರಡು ಚಿಕಿತ್ಸೆಗಳಲ್ಲಿ ತರಬೇತಿ ಕೊಡಿಸಬೇಕು. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ. ಹೊರರೋಗಿ ವಿಭಾಗದಲ್ಲಿ ಈಗಾಗಲೇ ಇರುವ ಮಂಚವೇ ಸಾಕು.

— ಒಬ್ಬ ನಿವೃತ್ತ ಶಿಕ್ಷಕ, ಸಾಗರ