ಮೈಕ್ ಆಫ್ ಮಾಡಿ ಮನೆಗೆ ಬಂದ ಮೇಲೆ

ಕಳೆದ ವಾರ ಕೆನಡಾ ಸಂಸತ್ತಿನ ಸಮಿತಿಯೊಂದರಲ್ಲಿ ಬೇಸಿಗೆ ರಜೆಗೆ ಮುಂಚಿನ ಕೊನೆಯ ಸಭೆ ಇತ್ತು. ಸಭೆ ಮುಗಿಯಿತು ಎಂದು ಅಧ್ಯಕ್ಷರು ಹೇಳಿದರು. ನಾನು ಅವರ ಮೈಕ್ ಆಫ್ ಮಾಡಿದೆ. 2006ರಲ್ಲಿ ಶುರುವಾದ ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು. ಮನೆಗೆ ಬಂದು ಕಾಫಿ ಮಾಡಿಕೊಂಡು ಕೂತೆ. ಯಾರ್ಯಾರಿಗೆ ಥ್ಯಾಂಕ್ಸ್ ಹೇಳಬೇಕು ಎಂದು ಹೆಸರು ಬರೆಯುತ್ತಾ ಹೋದರೆ ಒಂದು ಹಾಳೆ ಸಾಲಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ನಾನು ಮಾಡುತ್ತಿದ್ದ ಕೆಲಸ ಊರಿನ ಎಷ್ಟೋ ಜನರಿಗೆ ಇವತ್ತಿಗೂ ಗೊತ್ತಿಲ್ಲ. ಒಟ್ಟಾವಾದಲ್ಲಿ ಕೆನಡಾದ ಹೌಸ್ ಆಫ್ ಕಾಮನ್ಸ್ ಇದೆ. ನಮ್ಮ ಲೋಕಸಭೆಯ ಹಾಗೆ. ಅದರ ಸಮಿತಿಗಳು ಬೇರೆ ಬೇರೆ ಕೋಣೆಗಳಲ್ಲಿ ಸೇರುತ್ತವೆ. ಆ ಕೋಣೆಯಲ್ಲಿ ಸಂಸದರು ತಮ್ಮ ಮೈಕ್ ತಾವೇ ಆನ್ ಮಾಡುವುದಿಲ್ಲ. ಅದಕ್ಕೆಂದೇ ಒಬ್ಬರು ಕೂತಿರುತ್ತಾರೆ. ಯಾರು ಯಾವಾಗ ಮಾತಾಡಿದರು ಎಂದು ಬರೆದಿಡುವುದೂ ಅವರೇ. ಅಧ್ಯಕ್ಷರು ಹೆಸರು ಕರೆದರೆ ಮೈಕ್ ಆನ್. ಕರೆಯದಿದ್ದರೆ ಇಲ್ಲ. ಅದೇ ನನ್ನ ಕೆಲಸ.

ಕೇಳಲು ಸುಲಭ, ಅಲ್ವಾ? ಆದರೆ ಅಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ನಡೆಯುತ್ತವೆ. ಮೈಕ್ ಇಲ್ಲದೆ ಆಡಿದ ಮಾತು ಗಾಜಿನ ಆಚೆ ಕೂತ ದುಭಾಷಿಗೆ ಕೇಳುವುದಿಲ್ಲ. ಇನ್ನೊಂದು ಭಾಷೆಯಲ್ಲಿ ಕೇಳುತ್ತಿರುವ ಸದಸ್ಯರಿಗೆ ಆ ಮಾತು ಮುಟ್ಟುವುದೇ ಇಲ್ಲ. ಹಾಗಾಗಿ ಯಾರ ಸರತಿ ಎನ್ನುವ ಜಗಳ ಕೊನೆಗೆ ನನ್ನ ಬೆರಳಿನ ಹತ್ತಿರ ಬಂದು ನಿಲ್ಲುತ್ತಿತ್ತು.

ಮೊದಲ ಥ್ಯಾಂಕ್ಸ್ ನನಗೆ ಕೆಲಸ ಕಲಿಸಿದ ಹಿರಿಯರಿಗೆ. ಮೊದಲ ವರ್ಷ ಒಂದು ಸಭೆಯಲ್ಲಿ ಇಬ್ಬರು ಸದಸ್ಯರು ಒಟ್ಟಿಗೆ ಮಾತು ಶುರು ಮಾಡಿದರು. ನಾನು ಗಾಬರಿಯಲ್ಲಿ ಜೋರಾಗಿ ಮಾತಾಡುತ್ತಿದ್ದವರ ಮೈಕ್ ಆನ್ ಮಾಡಿಬಿಟ್ಟೆ. ಸರತಿ ಇದ್ದದ್ದು ಇನ್ನೊಬ್ಬರದು. ಅವರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಸಭೆ ಮುಗಿದ ಮೇಲೆ ಆ ಹಿರಿಯರು ಬೈಯಲಿಲ್ಲ. ಪಕ್ಕದಲ್ಲಿ ಕೂತು ಒಂದೇ ಮಾತು ಹೇಳಿದರು. ಮಾತಾಡುವವರ ಬಾಯಿ ನೋಡಬೇಡ, ಅಧ್ಯಕ್ಷರ ಮುಖ ನೋಡು. ನಾನು ಇಷ್ಟು ವರ್ಷ ಅಲ್ಲಿ ನೆಮ್ಮದಿಯಾಗಿ ಕೂತದ್ದು ಆ ಮಾತಿನಿಂದ.

ಸಮಿತಿಯ ಕ್ಲರ್ಕ್‌ಗಳಿಗೆ ದೊಡ್ಡ ನಮಸ್ಕಾರ. ಅಲ್ಲಿ ಕ್ಲರ್ಕ್ ಎಂದರೆ ನಾವು ಹೇಳುವ ಗುಮಾಸ್ತರಲ್ಲ. ನಿಯಮವನ್ನು ಅರೆದು ಕುಡಿದವರು. ಅಧ್ಯಕ್ಷರ ಪಕ್ಕದಲ್ಲಿ ಕೂತು, ಯಾರು ಕೈ ಎತ್ತಿದರು, ಯಾರ ನಂತರ ಯಾರು ಎಂದು ಪಟ್ಟಿ ಬರೆಯುವವರು. ಸಮಿತಿ ಪ್ರಶ್ನೆ ಕೇಳಲು ಕರೆಸಿದ ಸಾಕ್ಷಿಗಳು ಬಂದ ದಿನ ಕೆಲಸ ಸಲೀಸು. ಮೊದಲ ಸುತ್ತಿನಲ್ಲಿ ಪ್ರತಿ ಪಕ್ಷಕ್ಕೆ ಆರು ನಿಮಿಷ, ಎರಡನೇ ಸುತ್ತಿನಲ್ಲಿ ದೊಡ್ಡ ಪಕ್ಷಗಳಿಗೆ ಐದು, ಸಣ್ಣ ಪಕ್ಷಗಳಿಗೆ ಎರಡೂವರೆ. ಈಚೆಗೆ ಬಹುತೇಕ ಸಮಿತಿಗಳಲ್ಲಿ ಹೀಗೇ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಆ ಎರಡೂವರೆ ನಿಮಿಷದಲ್ಲಿ ಹತ್ತು ಸೆಕೆಂಡ್ ಕಡಿಮೆಯಾದರೂ ಸದಸ್ಯರು ಕೇಳುತ್ತಿದ್ದರು. ಕೇಳಲೇಬೇಕು. ಅಷ್ಟರಲ್ಲಿ ಒಂದು ಪ್ರಶ್ನೆ ಹೋಗುತ್ತದೆ, ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಕಷ್ಟ ಇದ್ದದ್ದು ಗೊತ್ತುವಳಿ ಮೇಲೆ ಚರ್ಚೆ ಬಿದ್ದ ದಿನ. ಸಮಿತಿಯೇ ಮಿತಿ ಹಾಕಿಕೊಳ್ಳದಿದ್ದರೆ ಅಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಎಷ್ಟು ಸಲ ಬೇಕಾದರೂ. ಮಾತಾಡಲು ಇನ್ನೂ ಜನ ಇರುವಾಗ ಅಧ್ಯಕ್ಷರು ತಾವಾಗಿ ಚರ್ಚೆ ಮುಗಿಸುವಂತಿಲ್ಲ. ಆಗ ಆ ಪಟ್ಟಿಯಲ್ಲಿ ಹೆಸರು ಮೇಲಿದೆಯೋ ಕೆಳಗಿದೆಯೋ ಎನ್ನುವುದೇ ಎಲ್ಲ. ಮೇಲಿನವರು ಎರಡು ಗಂಟೆ ಮಾತಾಡಿದರೆ ಕೆಳಗಿನವರ ತಿದ್ದುಪಡಿ ಆ ದಿನ ಬರುವುದೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಇದು ಚಿಕ್ಕ ಮಕ್ಕಳ ಜಗಳದಂತೆ ಕಾಣುತ್ತದೆ. ನನಗೆ ಯಾವತ್ತೂ ಹಾಗೆ ಅನ್ನಿಸಿಲ್ಲ.

2017ರ ಮಾರ್ಚ್ 21ನ್ನು ಅಲ್ಲಿ ಕೆಲಸ ಮಾಡಿದ ಯಾರೂ ಮರೆಯುವುದಿಲ್ಲ. ಸದನದ ನಿಯಮಗಳನ್ನೇ ಬದಲಿಸುವ ವಿಷಯ ಕಾರ್ಯವಿಧಾನ ಸಮಿತಿಯ ಮುಂದೆ ಬಂದಿತ್ತು. ವಿರೋಧ ಪಕ್ಷದವರು ಮಾತು ನಿಲ್ಲಿಸಲಿಲ್ಲ. ಸಭೆಯನ್ನು ಮುಗಿಸದೆ, ಆಗಾಗ ತಡೆದು ಮತ್ತೆ ಶುರು ಮಾಡುತ್ತಾ ವಾರಗಟ್ಟಲೆ ಎಳೆದರು. ಹೊರಗೆ ಏಪ್ರಿಲ್ ಬಂದರೂ ಕಾಗದದ ಮೇಲೆ ಅದೇ ಮಾರ್ಚ್ 21. ಅಧ್ಯಕ್ಷರಾಗಿದ್ದವರು ಲ್ಯಾರಿ ಬ್ಯಾಗ್ನೆಲ್. ಗೊತ್ತುವಳಿ ಮಂಡಿಸಿದವರು ಆಡಳಿತ ಪಕ್ಷದ ಸ್ಕಾಟ್ ಸಿಮ್ಸ್. ಅಷ್ಟು ಬಿಗಿಯಾದ ಹೊತ್ತಿನಲ್ಲೂ ಅಲ್ಲೊಂದು ಒಳ್ಳೆಯ ಪದ್ಧತಿ ಹುಟ್ಟಿತು. ಮಾತಾಡುತ್ತಿರುವವರು ಒಪ್ಪಿದರೆ ಬೇರೆಯವರು ನಡುವೆ ಒಂದು ಮಾತು ಸೇರಿಸಬಹುದು. ಆಮೇಲೆ ಸರತಿ ಮೊದಲಿನವರಿಗೇ ವಾಪಸ್. ಅದಕ್ಕೆ ಸಿಮ್ಸ್ ಪ್ರೋಟೋಕಾಲ್ ಎಂದು ಹೆಸರೇ ಬಿತ್ತು. ಯಾವ ನಿಯಮದ ಪುಸ್ತಕವೂ ಹೇಳಿಕೊಟ್ಟದ್ದಲ್ಲ. ನನ್ನ ಸರತಿ ಕಳೆದುಹೋಗುವುದಿಲ್ಲ ಎಂದು ಗೊತ್ತಾದ ಕೂಡಲೇ ಜನ ಎಷ್ಟು ಧಾರಾಳಿಗಳಾಗುತ್ತಾರೆ!

ಆಮೇಲೆ ಕೋವಿಡ್ ಬಂತು. 2020ರಿಂದ ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಝೂಮ್‌ನಲ್ಲಿ. ಕೋಣೆಯವರು ಕೈ ಎತ್ತಬೇಕು. ಝೂಮ್‌ನವರು ಪರದೆಯ ಮೇಲೆ ಕೈ ಎತ್ತುವ ಗುರುತು ಒತ್ತಬೇಕು. ಯಾರು ಮೊದಲು? ಒಂದು ದಿನ ಇದರ ಮೇಲೆ ದೊಡ್ಡ ಜಗಳವೇ ಆಯಿತು. ಕೋಣೆಯಲ್ಲಿದ್ದವರು, ನಾನು ಕಣ್ಣೆದುರಿಗೇ ಕೈ ಎತ್ತಿದ್ದೇನೆ ಎಂದರು. ಪರದೆಯಲ್ಲಿದ್ದವರು, ನನ್ನ ಗುರುತು ಹತ್ತು ನಿಮಿಷದಿಂದ ಅಲ್ಲೇ ಇದೆ ಎಂದರು. ಪಾಯಿಂಟ್ ಆಫ್ ಆರ್ಡರ್ ಮೇಲೆ ಪಾಯಿಂಟ್ ಆಫ್ ಆರ್ಡರ್, ಅಂದರೆ ನಿಯಮ ಮುರಿದಿದೆ ಎನ್ನುವ ಆಕ್ಷೇಪ. ಅಧ್ಯಕ್ಷರು ಪರದೆಯವರ ಪರ ತೀರ್ಪು ಕೊಟ್ಟರು. ಕೋಣೆಯವರು ಅದನ್ನು ಪ್ರಶ್ನಿಸಿದರು. ಹಾಗೆ ಪ್ರಶ್ನಿಸಿದರೆ ಚರ್ಚೆ ಇಲ್ಲ, ತಕ್ಷಣ ಮತ. ತೀರ್ಪು ಉಳಿಯಿತು.

ನನಗೆ ಆ ಹೊತ್ತಿನಲ್ಲಿ ಅರಸೀಕೆರೆಯ ನಮ್ಮ ಬೀದಿ ನಲ್ಲಿ ನೆನಪಾಯಿತು. ನಾನು ಚಿಕ್ಕವಳಿದ್ದಾಗ ನೀರು ದಿನಾ ಬರುತ್ತಿರಲಿಲ್ಲ. ಕೂಲಿಗೆ ಹೋಗುವ ಹೆಂಗಸರು ಬೆಳಗಿನ ಜಾವವೇ ಕೊಡ ಸಾಲಿಗೆ ಇಟ್ಟು ಹೋಗುತ್ತಿದ್ದರು. ನೀರು ಬಂದ ಮೇಲೆ ಮನೆಯಲ್ಲಿದ್ದವರು ಬಂದು, ಇಲ್ಲದವರ ಕೊಡಕ್ಕೆ ಯಾಕೆ ಕಾಯಬೇಕು ಎಂದು ಅದನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಎದುರು ಮನೆಯ ಅಜ್ಜಿ ಜಗಲಿಯಿಂದಲೇ ಕೂಗುತ್ತಿದ್ದರು. "ಕೊಡ ಮುಟ್ಬೇಡ್ರೇ, ಅದು ಅವಳ ಸರತಿ!" ಯಾರ ಕೊಡದ ಹಿಂದೆ ಯಾರ ಕೊಡ ಎಂದು ಅವರಿಗೆ ಬಾಯಿಪಾಠ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರಿಗೆ ಥ್ಯಾಂಕ್ಸ್ ಹೇಳುವುದನ್ನು ನಾನು ತುಂಬಾ ತಡ ಮಾಡಿದೆ. ಅಜ್ಜಿ, ನಿಮ್ಮ ಮಾತು ನನಗೆ ಏಳು ಸಮುದ್ರದ ಆಚೆ ಅನ್ನ ಹಾಕಿತು.

ಆವತ್ತು ತೀರ್ಪು ಕೊಟ್ಟ ಅಧ್ಯಕ್ಷರಿಗೂ ಋಣಿ. ಅವರ ಪಕ್ಷ ಯಾವುದು ಎಂದು ಬರೆಯುವುದಿಲ್ಲ. ಆ ತೀರ್ಪಿನಿಂದ ಅನುಕೂಲವಾದದ್ದು ಅವರ ಪಕ್ಷಕ್ಕಂತೂ ಅಲ್ಲ.

ದುಭಾಷಿಗಳ ಬಗ್ಗೆ ಹೇಳದೆ ಹೇಗಿರಲಿ! ಎರಡು ಮೈಕ್ ಒಟ್ಟಿಗೆ ಆನ್ ಆದರೆ, ಇಬ್ಬರು ಒಟ್ಟಿಗೆ ಕೂಗಿದರೆ, ನಮಗೆ ಸುಮ್ನೆ ಕಿರಿಕಿರಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರಿಗೆ ಅದು ಪೆಟ್ಟು. 2022ರ ಅಕ್ಟೋಬರ್‌ನಲ್ಲಿ ಸೆನೆಟ್‌ನ, ಅಂದರೆ ಅಲ್ಲಿಯ ಮೇಲ್ಮನೆಯ, ಸಮಿತಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ದುಭಾಷಿಯೊಬ್ಬರನ್ನು ಶಬ್ದದ ಆಘಾತವಾಗಿ ಆಂಬುಲೆನ್ಸ್‌ನಲ್ಲಿ ಕರೆದೊಯ್ದರು. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರತಿ ಮುರಿದರೆ ನೋವಾಗುವುದು ಸರತಿ ಕಳೆದುಕೊಂಡವರಿಗೆ ಮಾತ್ರ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಆಮೇಲೆ ಗದ್ದಲ ಶುರುವಾದ ಕೂಡಲೇ ಮೊದಲು ಗಾಜಿನ ಆಚೆ ನೋಡುವುದು ಅಭ್ಯಾಸವಾಯಿತು. ಗೆಳತಿಯರೇ, ನೀವು ಇಲ್ಲದಿದ್ದರೆ ಆ ಕೋಣೆಯಲ್ಲಿ ಅರ್ಧ ಜನರಿಗೆ ಇನ್ನರ್ಧ ಜನ ಬರೀ ಬಾಯಿ ಆಡಿಸುವವರು.

ಒಟ್ಟಾವಾದ ಕನ್ನಡದ ಮನೆಗಳಿಗೆ ಥ್ಯಾಂಕ್ಸ್. ರಾತ್ರಿ ಸಭೆ ಇದ್ದ ದಿನ ನನ್ನ ಮಕ್ಕಳಿಗೆ ಊಟ ಹಾಕಿದವರು ನೀವು. 2022ರ ಮೇ ತಿಂಗಳಲ್ಲಿ ಆಗ ಸಂಸದರಾಗಿದ್ದ, ಸಿರಾ ತಾಲ್ಲೂಕಿನ ಚಂದ್ರ ಆರ್ಯ ಅವರು ಸದನದಲ್ಲಿ ಕನ್ನಡದಲ್ಲಿ ಮಾತಾಡಿದಾಗ ಎಲ್ಲರಿಗಿಂತ ಮೊದಲು ನನಗೆ ಫೋನ್ ಮಾಡಿ, "ಮೈಕ್ ಆನ್ ಮಾಡಿದ್ದು ನೀವೇನಾ?" ಎಂದು ಕೇಳಿದವರೂ ನೀವೇ. ನಾನಲ್ಲ. ಆದರೆ ಆ ದಿನ ಯಾರು ಮಾಡಿದರೋ ಅವರ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಯಜಮಾನರಿಗೆ ಏನು ಹೇಳಲಿ. 18 ಚಳಿಗಾಲ ಕಾರಿನ ಹಿಮ ಕೆರೆದು, ಗಾಡಿ ಬಿಸಿ ಮಾಡಿ, ನನ್ನನ್ನು ಬಿಟ್ಟು ಬಂದಿದ್ದಾರೆ.

ನಿನ್ನೆ ಅಮ್ಮ ಫೋನಿನಲ್ಲಿ ಕೇಳಿದಳು. "ಇನ್ನು ನಿನ್ನ ಜಾಗದಲ್ಲಿ ಯಾರು ಕೂತ್ಕೋತಾರೆ?" ಒಬ್ಬಳು ಹುಡುಗಿ, ಅಮ್ಮಾ. ಇಪ್ಪತ್ತಾರು ವರ್ಷ. ಅವಳಿಗೂ ನನ್ನ ಥ್ಯಾಂಕ್ಸ್ ಸೇರಬೇಕು. ಕೊನೆಯ ವಾರ ನನ್ನ ಪಕ್ಕ ಕೂತಿದ್ದಳು. ಎದುರಿಗೆ ಮೂವರು ಒಟ್ಟಿಗೆ ಕೂಗಾಡುತ್ತಿದ್ದರು. ಅವಳ ಕೈ ಸ್ವಲ್ಪ ನಡುಗುತ್ತಿತ್ತು. ಆದರೂ ಅಧ್ಯಕ್ಷರು ಹೆಸರು ಹೇಳುವವರೆಗೂ ಬೆರಳು ಕೆಳಗೆ ಬರಲಿಲ್ಲ.