ಅಳೆಯದೆ ಮುಚ್ಚಿದ ಅಡಿಪಾಯ: ಮುಖ್ಯಮಂತ್ರಿಯವರಿಗೆ ಒಬ್ಬ ಗುತ್ತಿಗೆದಾರನ ಬಹಿರಂಗ ಪತ್ರ

ಸನ್ಮಾನ್ಯ ಮುಖ್ಯಮಂತ್ರಿಯವರಿಗೆ,

ಗದಗ ಜಿಲ್ಲೆಯ ಸಣ್ಣ ಗುತ್ತಿಗೆದಾರನೊಬ್ಬನ ನಮಸ್ಕಾರಗಳು.

ವಿಷಯ: ಸರ್ಕಾರಿ ಕಟ್ಟಡ ಕಾಮಗಾರಿಗಳಲ್ಲಿ ಅಳತೆ ಪುಸ್ತಕವನ್ನು ಸಕಾಲಕ್ಕೆ ಬರೆಯದಿರುವುದರಿಂದ ಆಗುತ್ತಿರುವ ನಷ್ಟದ ಬಗ್ಗೆ.

ಮಾನ್ಯರೇ,

ಬಿಲ್ ಬಾಕಿಯ ದೂರನ್ನು ತಾವು ಗುತ್ತಿಗೆದಾರರಿಂದ ಬೇಕಾದಷ್ಟು ಸಲ ಕೇಳಿದ್ದೀರಿ. ನಾನು ಹೇಳುವುದು ಬಿಲ್ಲಿಗಿಂತ ಹಿಂದಿನ ಹಂತದ ಮಾತು. ಸ್ಥಳದಲ್ಲೇ ಅಳೆದು ಎಂ.ಬಿ.ಯಲ್ಲಿ, ಅಂದರೆ ಬಿಲ್ಲಿಗೆ ಆಧಾರವಾಗುವ ಅಳತೆ ಪುಸ್ತಕದಲ್ಲಿ, ಬರೆಯಬೇಕು, ಮೇಲಧಿಕಾರಿ ತಾಳೆ ನೋಡಿ ಸಹಿ ಹಾಕಬೇಕು, ಮಣ್ಣಿನಡಿ ಹೋಗುವ ಕೆಲಸವನ್ನು ಮುಚ್ಚುವ ಮುನ್ನವೇ ಅಳೆಯಬೇಕು, ಅಂದಾಜು ಪಟ್ಟಿಯಲ್ಲಿ ಇಲ್ಲದ ಐಟಂ ಬಂದರೆ ಲಿಖಿತ ಆದೇಶ ಕೊಟ್ಟು ದರಕ್ಕೆ ಮಂಜೂರಾತಿ ಪಡೆಯಬೇಕು ಎಂಬ ನಿಯಮಗಳೆಲ್ಲ ತಮಗೆ ಗೊತ್ತಿರುವವೇ. ಅವು ಪಾಲನೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ತಿಳಿಸುತ್ತೇನೆ.

2022ರ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಶಾಲಾ ಕೊಠಡಿಗಳನ್ನು ಕಟ್ಟುವ ಕೆಲಸ ನನಗೆ ಟೆಂಡರಿನಲ್ಲಿ ಸಿಕ್ಕಿತು. ಅಂದಾಜು ಪಟ್ಟಿಯಲ್ಲಿ ಅಡಿಪಾಯದ ಆಳ ಒಂದೂವರೆ ಮೀಟರ್ ಎಂದಿತ್ತು. ಮಣ್ಣು ಪರೀಕ್ಷೆಯ ವರದಿ ಕಡತದಲ್ಲಿ ಇರಲಿಲ್ಲ. ಅಷ್ಟು ಅಗೆದರೂ ಸಿಕ್ಕಿದ್ದು ಎರೆಮಣ್ಣೇ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದರೆ ಸೀಳು ಬಿಡುತ್ತದೆಂಬುದು ನಮ್ಮ ಕಡೆ ಯಾವ ಗೌಂಡಿಗೂ ಗೊತ್ತು. ಸ್ಥಳಕ್ಕೆ ಬಂದ ಅಧಿಕಾರಿ ಗಟ್ಟಿ ಗರಸು ಸಿಗುವ ತನಕ ಅಗೆದು ಕಾಂಕ್ರೀಟ್ ತುಂಬಲು ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ಲಿಖಿತ ಆದೇಶ ಕೇಳಿದ್ದಕ್ಕೆ, “ಮಳಿ ಬರೂದ್ರಾಗ ಪ್ಲಿಂತ್ ಮುಗಸ್ರಿ, ಕಾಗದ ಆಮ್ಯಾಲ ಮಾಡೋಣು” ಎಂದರು. ಈ ಮಾತನ್ನೇ ಪತ್ರವಾಗಿ ಬರೆದು ಅವರ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಆಳ ಮೂರು ಮೀಟರಿಗೆ ಹೋಯಿತು, ಹೆಚ್ಚುವರಿ ಖರ್ಚು ಸುಮಾರು 11 ಲಕ್ಷ ರೂಪಾಯಿ ಆಯಿತು, ಮೇ ತಿಂಗಳಲ್ಲಿ ಅಡಿಪಾಯ ಮುಚ್ಚಿದೆವು.

ಮುಂದೆ ಆ ಅಧಿಕಾರಿಗೆ ವರ್ಗವಾಯಿತು. ಅಂತಿಮ ಬಿಲ್ ತಯಾರಿಸುವಾಗ ನೋಡಿದರೆ ಅಳತೆ ಪುಸ್ತಕದಲ್ಲಿ ಆಳ ಒಂದೂವರೆ ಮೀಟರ್ ಎಂದೇ ಇದೆ! ಗುಂಡಿಗೆ ಟೇಪು ಇಳಿಸದೆ, ಅಂದಾಜು ಪಟ್ಟಿಯ ಅಂಕಿಯನ್ನು ಕಚೇರಿಯಲ್ಲಿ ಕುಳಿತು ನಕಲು ಮಾಡಿದ್ದರು. ಫೋಟೋ ತೋರಿಸಿದೆ, ಅಂಚೆಯ ರಸೀದಿ ತೋರಿಸಿದೆ. ಕಚೇರಿಯವರು ಅವು ದಾಖಲೆಯಲ್ಲ, ಗೋಡೆಯ ಪಕ್ಕ ಅಗೆದು ತೋರಿಸಿ ಎಂದರು. ಮಕ್ಕಳು ಒಳಗೆ ಪಾಠ ಕೇಳುತ್ತಿದ್ದ ಕೊಠಡಿಯ ಗೋಡೆಗೆ ಹತ್ತಿಕೊಂಡೇ, ನನ್ನದೇ ಖರ್ಚಿನಲ್ಲಿ ಮೂರು ಮೀಟರ್ ಗುಂಡಿ ತೋಡಿಸಿದೆ. ಮುಖ್ಯೋಪಾಧ್ಯಾಯರು ಹಗ್ಗ ಕಟ್ಟಿ, ಮಕ್ಕಳು ಅತ್ತ ಸುಳಿಯದಂತೆ ತಾವೇ ನಿಂತು ಕಾದರು. ಕಚೇರಿಯವರು ಬಂದು ಟೇಪು ಇಳಿಸಿದರು, ಮೂರು ಮೀಟರ್ ಎಂದು ಓದಿದರು, ಒಂದು ಬಿಡಿ ಹಾಳೆಯಲ್ಲಿ ಬರೆದುಕೊಂಡರು. ಮೂಲ ಎಂ.ಬಿ. ಆಡಿಟ್‌ಗೆ ಹೋಗಿದೆ, ಬಂದ ಮೇಲೆ ಏರಿಸುತ್ತೇವೆ ಎಂದರು. ಆ ಹಾಳೆಯನ್ನು ಇಂದಿಗೂ ಯಾವ ಪುಸ್ತಕಕ್ಕೂ ಏರಿಸಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳ ಕಾಲಬುಡಕ್ಕೆ ಗುಂಡಿ ತೋಡಿಸುವ ಅಧಿಕಾರ ಇದ್ದವರಿಗೆ ಒಂದು ಸಾಲು ಬರೆಯುವ ಅಧಿಕಾರ ಇರಲಿಲ್ಲವೇ?

ಈ ಒಂದು ಸಾಲಿನ ಬೆಲೆ ಕೇಳಿ. ಆ 11 ಲಕ್ಷವನ್ನು ನಾನು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದೆ. ತಿಂಗಳಿಗೆ 22,000, ವರ್ಷಕ್ಕೆ 2,64,000 ರೂಪಾಯಿ ಬಡ್ಡಿಗೇ ಹೋಗುತ್ತಿದೆ. ಇಂತಹ ಸರ್ಕಾರಿ ಕಟ್ಟಡ ಗುತ್ತಿಗೆಗಳ ಮೇಲಿನ ಜಿ.ಎಸ್.ಟಿ. 2022ರ ಜುಲೈ 18ರಿಂದ ಶೇ 12ರಿಂದ ಶೇ 18ಕ್ಕೆ ಏರಿತು. ಮೇ ತಿಂಗಳಲ್ಲೇ ಅಳೆದು ಬಿಲ್ ಮಾಡಿ ಹಣ ಕೊಟ್ಟಿದ್ದರೆ ಹಳೆಯ ದರವೇ ಸಾಕಾಗುತ್ತಿತ್ತು. ಬಿಲ್ಲೂ ಹಣವೂ ಆ ದಿನ ದಾಟಿದ ಮೇಲೆ ಹೊಸ ದರ ತಪ್ಪದು. ಅಲ್ಲಿಗೆ ಇನ್ನೂ 66,000 ರೂಪಾಯಿ. ದಯವಿಟ್ಟು ಮುಚ್ಚುವ ಮುನ್ನ ಅಳೆಸಿ, ಅಳೆದದ್ದನ್ನು ಅಂದೇ ಬರೆಸಿ.

ಸರ್ಕಾರಕ್ಕೂ ಇದರಲ್ಲಿ ಉಳಿತಾಯವಿಲ್ಲ. ಬಾಯಿಮಾತಿನ ಆದೇಶಕ್ಕೆ ಹಣ ಬರುವ ಭರವಸೆ ಇಲ್ಲದ ಗುತ್ತಿಗೆದಾರ ಮುಂದಿನ ಟೆಂಡರಿನಲ್ಲಿ ಆ ಭಯವನ್ನೂ ಸೇರಿಸಿಯೇ ದರ ಹಾಕುತ್ತಾನೆ. ನ್ಯಾಯಾಲಯಕ್ಕೆ ಹೋದರೆ ವಕೀಲರ ಶುಲ್ಕವೂ ಬಡ್ಡಿಯೂ ಬೊಕ್ಕಸದ ಮೇಲೆಯೇ ಬೀಳಬಹುದು. 1944ರಲ್ಲಿ ಬಂಗಾಳದ ಆರಂಬಾಗ್‌ನಲ್ಲಿ ಅಧಿಕಾರಿಗಳು ಕೇಳಿಕೊಂಡಂತೆ ವಿಧಿವತ್ತಾದ ಕರಾರಿಲ್ಲದೆ ಗೋದಾಮು ಕಟ್ಟಿದ ಬಿ.ಕೆ. ಮಂಡಲ್ ಅಂಡ್ ಸನ್ಸ್‌ನವರಿಗೆ, 1872ರ ಕರಾರು ಅಧಿನಿಯಮದ 70ನೇ ಕಲಮಿನಡಿ ಹಣ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1961ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಕಾಯುವ ಶಕ್ತಿ ನನ್ನಂಥವರಿಗೆ ಇಲ್ಲ. ಕೆಲಸ ಮುಗಿದು ಮೂರು ವರ್ಷದೊಳಗೆ ದಾವೆ ಹೂಡಬೇಕೆಂಬ ಕಾಲಮಿತಿ ಬೇರೆ ಇದೆ, “ಎಂ.ಬಿ. ಬರಲಿ” ಎಂದು ಕಾಯಿಸುವ ಪ್ರತಿ ತಿಂಗಳೂ ಅದರಲ್ಲಿ ಕಳೆಯುತ್ತದೆ.

ಗ್ರಾಮೀಣಾಭಿವೃದ್ಧಿ ಕಾಮಗಾರಿಗಳನ್ನು ದಾಖಲಿಸಲು ‘ಗಾಂಧಿ ಸಾಕ್ಷಿ ಕಾಯಕ’ ಎಂಬ ತಂತ್ರಾಂಶ ನಮ್ಮಲ್ಲೇ ಇರುವಾಗ, ಅಡಿಪಾಯದ ಅಳತೆಯನ್ನು ಫೋಟೋ ಸಮೇತ ಅದೇ ದಿನ ಏರಿಸುವುದು ಯಾವ ಇಲಾಖೆಗೂ ಅಸಾಧ್ಯವಾಗಬಾರದು. ಮುಚ್ಚುವ ಮುನ್ನ ಅಳೆಯದ ಕೆಲಸಕ್ಕೆ ಸಂಬಂಧಪಟ್ಟ ಎಂಜಿನಿಯರನ್ನೇ ಹೊಣೆ ಮಾಡಿ. ಬಾಯಿಮಾತಿನ ಆದೇಶವನ್ನು ಏಳು ದಿನದೊಳಗೆ ಬರಹಕ್ಕೆ ಇಳಿಸುವಂತೆ ಸುತ್ತೋಲೆ ಹೊರಡಿಸಿ. ಅಧಿಕಾರಿಗೆ ವರ್ಗವಾದರೆ, ಅವರು ತಮ್ಮ ಕಾಲದ ಅಳತೆಗಳನ್ನೆಲ್ಲ ಬರೆದು ಒಪ್ಪಿಸಿದ ಮೇಲೆಯೇ ಬಿಡುಗಡೆ ಮಾಡಿ. ಬರೆದ ಪುಟದ ಪ್ರತಿಯನ್ನು ಗುತ್ತಿಗೆದಾರನ ಕೈಗೆ ಕೊಡಿಸಿ. ನನ್ನ ಪ್ರಕರಣದ ಆ ಬಿಡಿ ಹಾಳೆಯನ್ನು ಹುಡುಕಿಸಿ ಎಂ.ಬಿ.ಗೆ ಏರಿಸಿ, ಹಾಳೆ ಸಿಗದಿದ್ದರೆ ಶಾಲೆಗೆ ರಜೆ ಇರುವ ದಿನ ಸರ್ಕಾರದ ಖರ್ಚಿನಲ್ಲಿ ಮತ್ತೊಮ್ಮೆ ಅಳೆಸಿ, ಅಲ್ಲೇ ಬರೆಸಿ, ಅಲ್ಲೇ ಸಹಿ ಹಾಕಿಸಿ.

ತಮ್ಮ ವಿಶ್ವಾಸಿ,
ಗದಗ ಜಿಲ್ಲೆಯ ಒಬ್ಬ ನೋಂದಾಯಿತ ಗುತ್ತಿಗೆದಾರ